ಮೊದಲ ಗಾಡಿಯ ಲೆಕ್ಕ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)



ಹೈದರಾಬಾದಿನ ಸಿಗ್ನಲ್ಲಿನಲ್ಲಿ ನಿಂತಾಗ ನಮ್ಮ ಕನ್ನಡಿಗರಿಗೆ ಒಂದು ಅಭ್ಯಾಸವಿದೆ. ಮುಂದಿರುವ ಗಾಡಿಯ ನಂಬರ್ ಪ್ಲೇಟ್ ಓದುವುದು. ಕೆ.ಎ. 38 ಅಂದರೆ ಬೀದರಿನವರು, 32 ಅಂದರೆ ಕಲಬುರಗಿಯವರು, 36 ಅಂದರೆ ರಾಯಚೂರಿನವರು. ಹಸಿರು ದೀಪ ಬರುವುದರೊಳಗೆ "ಯಾವೂರ್ರೀ ನಿಮ್ದು?" ಅಂತ ಒಂದು ಮಾತು ಆಡಿಬಿಟ್ಟರೆ ಆ ದಿನವೆಲ್ಲ ಖುಷಿ. ನಮ್ಮ ಪಾಲಿಗೆ ಗಾಡಿ ಬರೀ ಓಡಾಡುವ ಸಾಧನವಲ್ಲ, ಗುರುತಿನ ಚೀಟಿಯೂ ಹೌದು.

ಇವತ್ತು ನಾನು ಮಾತಾಡಬೇಕೆಂದಿರುವುದು ಮೊದಲ ಮೋಟಾರ್ ಸೈಕಲ್ಲಿನ ಬಗ್ಗೆ. ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ನಿನ್ನೆ ಕನ್ನಡಕ ಎಲ್ಲಿಟ್ಟೆ ಅನ್ನುವುದು ನೆನಪಿರುವುದಿಲ್ಲ, ಆದರೆ ಮೊದಲ ಗಾಡಿಯ ನಂಬರು, ಬಣ್ಣ, ಎಷ್ಟು ದುಡ್ಡು ಕೊಟ್ಟೆವು ಅನ್ನುವುದೆಲ್ಲ ಬಾಯಿಪಾಠ. ಆ ಕಾಲದಲ್ಲಿ ದುಡ್ಡಿದ್ದರೂ ಗಾಡಿ ಸಿಗುತ್ತಿರಲಿಲ್ಲ. ಬುಕ್ ಮಾಡಿ ಕಾಯಬೇಕು. ಕೆಲವು ಸ್ಕೂಟರುಗಳಿಗಂತೂ ವರ್ಷಗಟ್ಟಲೆ ಪಾಳಿ. ಹೈದರಾಬಾದಿನಲ್ಲೇ ಆಲ್ವಿನ್ ಕಂಪನಿಯವರು ಪುಷ್ಪಕ್ ಅನ್ನುವ ಸ್ಕೂಟರ್ ತಯಾರಿಸುತ್ತಿದ್ದುದು ಹಳಬರಿಗೆ ನೆನಪಿರಬಹುದು. ಮದ್ರಾಸಿನ ಬುಲೆಟ್ ಇತ್ತು, ರಾಜದೂತ್ ಇತ್ತು. ಆದರೆ ಕನ್ನಡಿಗರ ಮನೆಯಲ್ಲಿ ಈ ಮಾತು ಬಂದರೆ ತಿರುಗಿ ತಿರುಗಿ ಬರುವ ಹೆಸರು ಎರಡು: ಜಾವಾ ಮತ್ತು ಯೆಜ್ಡಿ.

ಯಾಕೆಂದರೆ ಅದು ನಮ್ಮ ಮೈಸೂರಿನ ಗಾಡಿ. ಮೂಲ ಜಾವಾ ಜೆಕೊಸ್ಲೊವಾಕಿಯಾದ್ದು. ಯಾನೆಚೆಕ್ ಅನ್ನುವವರು 1929ರಲ್ಲಿ ಶುರುಮಾಡಿದ ಕಂಪನಿ. ವಾಂಡರರ್ ಅನ್ನುವ ಜರ್ಮನ್ ಗಾಡಿಯ ಹಕ್ಕು ಕೊಂಡಿದ್ದರಿಂದ ತಮ್ಮ ಹೆಸರಿನ ಮೊದಲ ಎರಡಕ್ಷರ, ಅದರ ಹೆಸರಿನ ಮೊದಲ ಎರಡಕ್ಷರ ಜೋಡಿಸಿ 'ಜಾವಾ' ಅಂದರು. ಆ ಗಾಡಿಯನ್ನು ಇಲ್ಲೇ ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಅನ್ನುವ ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಮೈಸೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಕಾರ್ಖಾನೆಯ ಸಂಬಳದಿಂದ.

ಇನ್ನು ಆ ಗಾಡಿಯ ಸ್ವಭಾವ. ಅದು ಓಡಿಸುವವನಿಗೆ ಪಾಠ ಹೇಳುತ್ತಿತ್ತು. ಕಿಕ್ಕರ್ ಬೇರೆ, ಗೇರ್ ಬೇರೆ ಇರಲಿಲ್ಲ. ಒಂದೇ ಲಿವರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಬಗ್ಗಿಸಿದರೆ ಗೇರ್. ಗೊತ್ತಿಲ್ಲದವರು ಕದ್ದು ಒಯ್ಯಬೇಕೆಂದರೂ ಸ್ಟಾರ್ಟ್ ಮಾಡಲು ಬರುವುದಿಲ್ಲ ಅಂತ ತಮಾಷೆ ಮಾಡುತ್ತಿದ್ದರು. ಎಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಆದ್ದರಿಂದ ಸವಾರನ ಕಿಸೆಯಲ್ಲಿ ಒಂದು ಪ್ಲಗ್ ಸ್ಪ್ಯಾನರು, ಒಂದು ತುಂಡು ಉಜ್ಜುಕಾಗದ ಇದ್ದೇ ಇರುತ್ತಿತ್ತು. ಸದ್ದು ಕೇಳಿಯೇ ಕಾಯಿಲೆ ಹೇಳುವ ಕಿವಿ ತಾನಾಗಿ ಬೆಳೆಯುತ್ತಿತ್ತು. ಮೊದಲ ಗಾಡಿ ಮರೆಯದೇ ಇರುವುದಕ್ಕೆ ಇದೂ ಒಂದು ಕಾರಣ. ಕಷ್ಟಪಟ್ಟು ಕಲಿತದ್ದನ್ನು ಕೈಕಾಲು ಮರೆಯುವುದಿಲ್ಲ.

ಊರು ಬಿಟ್ಟು ಹೈದರಾಬಾದಿಗೆ ಕೆಲಸಕ್ಕೆ ಬಂದವರು ಗಾಡಿಯನ್ನೂ ಜೊತೆಗೆ ತರುತ್ತಿದ್ದರು. ಬೀದರಿನಿಂದಾದರೆ ಜಹೀರಾಬಾದ್ ಮೇಲೆ ಸುಮಾರು 140 ಕಿಲೋಮೀಟರ್, ಓಡಿಸಿಕೊಂಡೇ ಬರಬಹುದು. ಬೆಂಗಳೂರು ಕಡೆಯಿಂದ ಕರ್ನೂಲಿನಲ್ಲಿ ತುಂಗಭದ್ರೆ ದಾಟಿ 570 ಕಿಲೋಮೀಟರ್ ಬರುವ ಧೈರ್ಯ ಕೆಲವರಿಗೇ. ಉಳಿದವರದ್ದು ರೈಲಿನ ಪಾರ್ಸೆಲ್. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿ, ವಿಳಾಸ ಬರೆದು ಕಳಿಸುವುದು. ಕಾಚಿಗುಡ ಸ್ಟೇಷನ್ನಿನಲ್ಲಿ ಬಿಡಿಸಿಕೊಂಡರೆ ಹನಿ ಪೆಟ್ರೋಲ್ ಇಲ್ಲ. ಹೊಸ ಊರಿನ ಮೊದಲ ಸವಾರಿ ಅಂದರೆ ಪೆಟ್ರೋಲ್ ಬಂಕಿನವರೆಗೆ ತಳ್ಳಿಕೊಂಡು ಹೋಗುವುದೇ! ಆಮೇಲೆ ಗಲ್ಲಿಯ ಮಿಸ್ತ್ರಿಯ ಪರಿಚಯ. ಅವನದ್ದು ದಖನಿ ಉರ್ದು, ನಮ್ಮದು ಕನ್ನಡ, ಮಧ್ಯೆ ಅಷ್ಟಿಷ್ಟು ತೆಲುಗು. ಆದರೆ "ಕಾರ್ಬೊರೇಟರ್ ಮೆ ಕಚರಾ" ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಎಷ್ಟೋ ಜನ ಈ ಊರಿನ ಭಾಷೆ ಕಲಿತದ್ದು ಮೆಕ್ಯಾನಿಕ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು.

ಕಾಲ ಬದಲಾಯಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100 ಬಂದವು. ಹಗುರ ಗಾಡಿಗಳು, ಕಡಿಮೆ ಪೆಟ್ರೋಲು. ತಿಂಗಳ ಸಂಬಳದವನಿಗೆ ಲೀಟರಿಗೆ ಎಷ್ಟು ಕೊಡುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. 250 ಸಿ.ಸಿ. ಗಾಡಿಗೆ ಆ ಲೆಕ್ಕದಲ್ಲಿ ಗೆಲ್ಲಲು ಆಗಲಿಲ್ಲ. ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಮಗೆ ಅದು ಒಂದು ಗಾಡಿಯ ನೆನಪು. ಅಲ್ಲಿ ಕೆಲಸ ಮಾಡುತ್ತಿದ್ದವರಿಗೆ ಅನ್ನದ ಪ್ರಶ್ನೆ. ನಾವು "ಆಹಾ, ಆ ಸದ್ದು!" ಅನ್ನುವಾಗ ಆ ಸದ್ದನ್ನು ಮಾಡಿದ ಕೈಗಳನ್ನೂ ನೆನೆಯಬೇಕು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ಬೇರೆ ಕಂಪನಿಯ, ಬೇರೆ ಊರಲ್ಲಿ ತಯಾರಾದ ಗಾಡಿಗಳು.

ಈ ಭಾಷಣಕ್ಕೆ ತಯಾರಿ ಮಾಡುವಾಗ ನಾನು ನಮ್ಮ ಮನೆಯಲ್ಲೇ ಕೇಳಿದೆ. ತಂದೆಯವರು ಒಂದು ಗಂಟೆ ಹೇಳಿದರು. ಮೈಲೇಜು, ಪ್ಲಗ್ಗು, ಘಾಟಿನಲ್ಲಿ ಲಾರಿ ಹಿಂದೆ ಹಾಕಿದ್ದು, ಎಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿಯವರನ್ನು, "ನಿಮಗೇನು ನೆನಪಿದೆ ಅಮ್ಮಾ?" ಅಂದೆ. "ನನ್ನ ಎರಡು ಬಳೆ," ಅಂದರು. ಗಾಡಿಯ ಮುಂಗಡಕ್ಕೆ ಬಳೆ ಅಡವಿಟ್ಟಿದ್ದರಂತೆ, ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತಂತೆ. ಆ ಎರಡು ವರ್ಷ ಮದುವೆ ಮುಂಜಿಗೆ ಅದೇ ಗಾಡಿಯ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಮಗು, ಕೈಯಲ್ಲಿ ಗಾಜಿನ ಬಳೆ. ಸೆರಗು ಚಕ್ರಕ್ಕೆ ಸಿಕ್ಕೀತೆಂದು ದಾರಿಯುದ್ದಕ್ಕೂ ಭಯ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಅದು ನಿಜ," ಅಂದರು. ಒಂದು ಗಂಟೆಯ ಕಥೆಯಲ್ಲಿ ಈ ಮಾತು ಬಂದಿರಲಿಲ್ಲ.

ಮೊದಲ ಗಾಡಿಯ ನೆನಪು ಒಬ್ಬರದಲ್ಲ ಸ್ವಾಮಿ. ಹ್ಯಾಂಡಲ್ ಹಿಡಿದವರದು ಅರ್ಧ ಕಥೆ. ಹಿಂದೆ ಕುಳಿತವರು, ಬಳೆ ಬಿಚ್ಚಿಕೊಟ್ಟವರು, ಕಲಿಸುವಾಗ ಹಿಂದೆ ಓಡಿಬಂದ ಗೆಳೆಯ, ಉದ್ರಿಯಲ್ಲಿ ರಿಪೇರಿ ಮಾಡಿಕೊಟ್ಟ ಮಿಸ್ತ್ರಿ, ಇವರೆಲ್ಲರದು ಇನ್ನರ್ಧ. ಅದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಹೇಳುವುದಿಲ್ಲ.

ನಮ್ಮ ಎಷ್ಟೋ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಕೆಳಗೆ ಇಂಥ ಗಾಡಿಗಳು ಧೂಳು ತಿನ್ನುತ್ತ ನಿಂತಿವೆ. ಗುಜರಿಗೆ ಹಾಕುವ ಮೊದಲು ಆರ್.ಸಿ. ಪುಸ್ತಕ ಹುಡುಕಿ ತೆಗೆದು ವರ್ಷ ನೋಡಿ. 2021ರ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಪ್ರದರ್ಶನ, ರ್‍ಯಾಲಿ ಮುಂತಾದವಕ್ಕೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಗಾಡಿ ಉಳಿಸುವುದು ಎಲ್ಲರಿಗೂ ಆಗಲಿಕ್ಕಿಲ್ಲ. ಜಾಗ ಬೇಕು, ದುಡ್ಡು ಬೇಕು. ಕಥೆ ಉಳಿಸುವುದಕ್ಕೆ ಅದೇನೂ ಬೇಡ. ಈ ಭಾನುವಾರ ಟಿ.ವಿ. ಅರ್ಧ ಗಂಟೆ ಆರಿಸಿ, ಮನೆಯ ಹಿರಿಯರಿಬ್ಬರನ್ನೂ ಕೂರಿಸಿ ಕೇಳಿ. ಅಪ್ಪನನ್ನು ಕೇಳಿದ ಪ್ರಶ್ನೆಯನ್ನೇ ಅಮ್ಮನಿಗೂ ಕೇಳಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಆಗದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಂಜಿನ್ನಿಗೆ ಬಿಡಿಭಾಗ ಇಂದಲ್ಲ ನಾಳೆ ಎಲ್ಲಾದರೂ ಸಿಕ್ಕೀತು. ಹೇಳುವವರು ಹೋದಮೇಲೆ ಅವರ ಮಾತಿಗೆ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ.

ರಸ್ತೆಯಲ್ಲಿ ಹುಷಾರು, ಮುಂದೆ ಕುಳಿತವರೂ ಹಿಂದೆ ಕುಳಿತವರೂ ಹೆಲ್ಮೆಟ್ ಹಾಕಿಕೊಳ್ಳಿ.