ಅರಬ್ ರಾಷ್ಟ್ರೀಯತೆ ಮತ್ತು ಸಮಾಜವಾದ: ಭೂಮಿ ಕೊಟ್ಟವರು ಬಾಯಿ ಕಟ್ಟಿದ್ದೇಕೆ?

(ಅರಕೆರೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅರಬ್ ರಾಷ್ಟ್ರೀಯತೆಯ ಕುರಿತು ಅರಕೆರೆಯಲ್ಲೇಕೆ ಮಾತು ಎಂದು ಯಾರಾದರೂ ಕೇಳಬಹುದು. ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನರಿಗೆ ನೆಪೋಲಿಯನ್ 1799ರ ಜನವರಿಯಲ್ಲಿ ಪತ್ರ ಬರೆದದ್ದು ಕೈರೋದಿಂದ. ಆ ಪತ್ರ ಆಂಗ್ಲರ ಕೈಸೇರಿತು. ಮೇ 4ರಂದು ಪಟ್ಟಣವೇ ಅವರ ವಶವಾಯಿತು. ಈಜಿಪ್ಟಿನ ದಾರಿ ಯಾರದೋ ಭಾರತದ ದಾರಿಯೂ ಅವರದೇ ಎಂಬ ಲೆಕ್ಕಾಚಾರ ಬ್ರಿಟಿಷರಿಗೆ ಕೊನೆಯವರೆಗೂ ಇತ್ತು. ಆದುದರಿಂದಲೇ 1956ರ ಜುಲೈ 26ರಂದು ಗಮಾಲ್ ಅಬ್ದುನ್ನಾಸಿರ್ ಸೂಯೆಝ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದಾಗ ಲಂಡನ್ ಕಂಗೆಟ್ಟಿತು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಒಟ್ಟಾಗಿ ದಾಳಿ ಮಾಡಿದವು, ಬಳಿಕ ಹಿಂದೆಗೆಯಬೇಕಾಯಿತು. ನೆಹರೂ ಆ ದಾಳಿಯನ್ನು ಬಹಿರಂಗವಾಗಿ ಖಂಡಿಸಿದರು.

ಭತ್ತ, ಕಬ್ಬು ಬೆಳೆಯುವ ಈ ಊರಿನವರಿಗೆ ನಾಸಿರ್‌ರ ಇನ್ನೊಂದು ಕೆಲಸ ಹೆಚ್ಚು ಅರ್ಥವಾದೀತು. 1952ರ ಸೆಪ್ಟೆಂಬರ್‌ನ ಭೂಸುಧಾರಣಾ ಕಾನೂನು ಒಬ್ಬನ ಹಿಡುವಳಿಯನ್ನು 200 ಫೆದ್ದಾನ್‌ಗೆ ಮಿತಿಗೊಳಿಸಿತು. ಒಂದು ಫೆದ್ದಾನ್ ಎಂದರೆ ಒಂದು ಎಕರೆಗಿಂತ ತುಸು ಹೆಚ್ಚು. 1961ರಲ್ಲಿ ಮಿತಿ 100ಕ್ಕೆ, 1969ರಲ್ಲಿ 50ಕ್ಕೆ ಇಳಿಯಿತು. ಅರಸು ಮನೆತನದ ಜಮೀನು ಮುಟ್ಟುಗೋಲಾಯಿತು. ತಲೆಮಾರುಗಳಿಂದ ಪಾಶಾಗಳ ಮುಂದೆ ತಲೆತಗ್ಗಿಸಿದ್ದ ರೈತನಿಗೆ ಇದು ಸಣ್ಣ ಸಂಗತಿಯಲ್ಲ. ನಾವು ಇದನ್ನು ಮನಸಾರೆ ಒಪ್ಪಬೇಕು.

ದೇವರಾಜ ಅರಸರ ಸರಕಾರ 1974ರಲ್ಲಿ ಜಾರಿಗೊಳಿಸಿದ ತಿದ್ದುಪಡಿಯೂ ಗೇಣಿದಾರನನ್ನು ಒಡೆಯನನ್ನಾಗಿಸಿತು. ಆದರೆ ಅದು ಶಾಸನಸಭೆಯಲ್ಲಿ ಚರ್ಚೆಯಾಗಿ ಬಂತು. ಗೇಣಿದಾರನೂ ಭೂಮಾಲಕನೂ ಭೂನ್ಯಾಯ ಮಂಡಳಿಯೆದುರು ತಮ್ಮ ವಾದ ಹೇಳಿದರು. ತುರ್ತು ಪರಿಸ್ಥಿತಿಯ ಕರಿನೆರಳು ಇಲ್ಲಿಯೂ ಬಿದ್ದಿತ್ತು. 1977ರಲ್ಲಿ ದೇಶದ ಮತದಾರರು ಅದಕ್ಕೆ ಉತ್ತರ ಕೊಟ್ಟರು. (ಕರ್ನಾಟಕ ಆಗಲೂ ಕಾಂಗ್ರೆಸ್ಸನ್ನೇ ಗೆಲ್ಲಿಸಿತೆಂಬುದು ಬೇರೆ ಮಾತು.) ಈಜಿಪ್ಟಿನವರಿಗೆ ಆ ಅವಕಾಶವಿರಲಿಲ್ಲ. ಅಲ್ಲಿ 1953ರ ಜನವರಿಯಲ್ಲೇ ಪಕ್ಷಗಳು ವಿಸರ್ಜನೆಗೊಂಡಿದ್ದವು. ಇಖ್ವಾನಿಗಳು ಜೈಲು ಸೇರಿದರು, ಸಯ್ಯಿದ್ ಕುತುಬ್ 1966ರಲ್ಲಿ ಗಲ್ಲಿಗೇರಿದರು. ಆದರೆ ಇದು ಕೇವಲ ಧರ್ಮನಿಷ್ಠರ ಮೇಲಿನ ದ್ವೇಷವೆಂದು ಭಾವಿಸಿದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. 1959ರಲ್ಲಿ ಅದೇ ಸಮಾಜವಾದಿ ನಾಯಕ ಕಮ್ಯುನಿಸ್ಟರನ್ನೂ ಸಾಮೂಹಿಕವಾಗಿ ಸೆರೆಗೆ ತಳ್ಳಿದರು. ಪ್ರಶ್ನಿಸುವವರಿಲ್ಲದ ಆಡಳಿತದಲ್ಲಿ ಸೇನೆಯ ಹುಳುಕುಗಳನ್ನು ಹೇಳುವವರೂ ಇರಲಿಲ್ಲ. 1967ರ ಜೂನ್‌ನಲ್ಲಿ ಆರೇ ದಿನಗಳಲ್ಲಿ ಸಿನಾಯಿ, ಗಾಝಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗೋಲನ್ ಕೈತಪ್ಪಿದವು.

ಬಅಸ್ ಪಕ್ಷದ ಕಥೆ ಇನ್ನೂ ದಾರುಣ. 1947ರಲ್ಲಿ ದಮಾಸ್ಕಸ್‌ನಲ್ಲಿ ಹುಟ್ಟಿದ ಅದರ ಘೋಷಣೆ ಐಕ್ಯ, ಸ್ವಾತಂತ್ರ್ಯ, ಸಮಾಜವಾದ. ಐಕ್ಯಕ್ಕಾಗಿ 1958ರಲ್ಲಿ ಸಿರಿಯಾ ಈಜಿಪ್ಟಿನೊಂದಿಗೆ ಒಂದಾಯಿತು, 1961ರಲ್ಲಿ ಬೇರ್ಪಟ್ಟಿತು. ಮುಂದೆ ಸಿರಿಯಾ, ಇರಾಕ್ ಎರಡರಲ್ಲೂ ಬಅಸ್ ಅಧಿಕಾರಕ್ಕೆ ಬಂತು. ಆದರೆ ಅವೆರಡು ಪರಸ್ಪರ ವೈರಿಗಳಾದವು. ಇರಾನ್-ಇರಾಕ್ ಯುದ್ಧದಲ್ಲಿ ದಮಾಸ್ಕಸ್ ನಿಂತದ್ದು ಇರಾನಿನ ಪರ! ಸಂಸ್ಥಾಪಕರಲ್ಲೊಬ್ಬರಾದ, ಕ್ರೈಸ್ತ ಮನೆತನದ ಮೈಕಲ್ ಅಫ್ಲಾಕ್‌ರಿಗೆ ಸಿರಿಯಾದ ಬಅಸ್ ಆಡಳಿತವೇ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. ಇನ್ನೊಬ್ಬ ಸಂಸ್ಥಾಪಕ ಸಲಾಹುದ್ದೀನ್ ಬಿತಾರ್ 1980ರಲ್ಲಿ ಪ್ಯಾರಿಸ್‌ನಲ್ಲಿ ಗುಂಡಿಗೆ ಬಲಿಯಾದರು. 1982ರಲ್ಲಿ ಹಮಾ ನಗರವನ್ನು ಸಿರಿಯಾದ ಸೇನೆಯೇ ನೆಲಸಮಗೊಳಿಸಿತು; 1988ರಲ್ಲಿ ಸದ್ದಾಂ ಹುಸೇನ್‌ರ ಸೇನೆ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿಯಿತು. ಆ ಕುರ್ದರಲ್ಲಿ ಬಹುತೇಕರು ಮುಸ್ಲಿಮರೇ ಆಗಿದ್ದರೆಂಬುದನ್ನು ಸದ್ದಾಂರನ್ನು ವೀರನೆಂದು ಕೊಂಡಾಡಿದ ನಮ್ಮ ಭಾಷಣಕಾರರು ಮರೆತರು.

ಇರಾಕಿನ ಬಅಸ್ ಆಡಳಿತವನ್ನು 2003ರಲ್ಲಿ ಅಮೆರಿಕದ ಸೇನೆ ಉರುಳಿಸಿ ಆ ದೇಶವನ್ನು ಮತ್ತೊಂದು ನರಕಕ್ಕೆ ತಳ್ಳಿತು. ಸಿರಿಯಾದಲ್ಲಿ 2024ರ ಡಿಸೆಂಬರ್ 8ರಂದು ಬಶ್ಶಾರ್ ಅಸದ್ ದೇಶ ಬಿಟ್ಟು ಓಡಿದರು. ಅಂದು ಸೈದ್ನಾಯ ಸೆರೆಮನೆಯ ಬಾಗಿಲುಗಳು ತೆರೆದುಕೊಂಡವು. ಮಕ್ಕಳನ್ನು, ಅಣ್ಣತಮ್ಮಂದಿರನ್ನು ಅರಸಿ ಬಂದವರು ನೆಲದ ಮೇಲೆ ಚೆಲ್ಲಿದ್ದ ಕಡತಗಳಲ್ಲಿ ಅವರ ಹೆಸರು ಹುಡುಕುತ್ತಿದ್ದರು.