ಸಕ್ಕರೆ ಅಚ್ಚು: ಹದ ಬಲ್ಲ ಕೈಗಳು

(ಸಂಕ್ರಾಂತಿಗೆ ಮುನ್ನ ಹೊಸ ಅಗ್ರಹಾರದಲ್ಲಿ ಮಹಿಳೆಯರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮಕ್ಕಳು ಅಕ್ಟೋಬರ್ 31ರಂದು ಅಲ್ಲಿನವರೊಡನೆ ಹ್ಯಾಲೋವೀನ್ ಆಚರಿಸುತ್ತಾರೆ. ವೇಷ ತೊಟ್ಟು ಮನೆಮನೆಗೆ ಹೋಗಿ ಸಿಹಿ ಪಡೆಯುತ್ತಾರೆ. ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಕುಂಬಳಕಾಯಿ, ಬಾವಲಿ, ಎಲೆಗಳ ಆಕಾರದಲ್ಲಿ ಬಿಸ್ಕತ್ತು ಬೇಯಿಸಿ, ಮೇಲೆ ಬಣ್ಣದ ಸಕ್ಕರೆಯಿಂದ ಚಿತ್ತಾರ ಬಿಡಿಸುವುದು ಆ ದಿನಗಳ ಸಂಭ್ರಮ. ಇದರ ಬೇರು ಹಳೆಯದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಗತಿಸಿದವರಿಗಾಗಿ ಪ್ರಾರ್ಥಿಸಿ, ಪುಟ್ಟ ಕೇಕು ಪಡೆಯುತ್ತಿದ್ದರು. ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ರಂದು ಬರುವ ಹಿರಿಯರ ಹಬ್ಬಕ್ಕೆ ಸಕ್ಕರೆಯನ್ನೇ ಅಚ್ಚಿಗೆ ಒತ್ತಿ ತಲೆಬುರುಡೆ ಮಾಡಿ ಅಲಂಕರಿಸುತ್ತಾರೆ.

ಇದನ್ನೆಲ್ಲ ಕೇಳಿದಾಗ ನಮ್ಮ ಸೀಮೆಯವರಿಗೆ ನೆನಪಾಗುವುದು ಸಂಕ್ರಾಂತಿಯ ಸಕ್ಕರೆ ಅಚ್ಚು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಯ ಜತೆಗೆ ಕಬ್ಬಿನ ತುಂಡು, ಬಾಳೆಹಣ್ಣು. ಅದರ ಮೇಲೊಂದು ಬಿಳಿಯ ಗಿಳಿಯೋ, ಆನೆಯೋ, ತುಳಸಿ ಬೃಂದಾವನವೋ ಕುಳಿತರೆ ತಟ್ಟೆಗೆ ಕಳೆ. ಸಕ್ಕರೆ ಎಂಬ ಮಾತೂ ಇಲ್ಲಿಯದೇ. ಸಂಸ್ಕೃತದ ಶರ್ಕರಾ ಪರ್ಷಿಯಾ, ಅರೇಬಿಯಾಗಳ ದಾರಿಯಲ್ಲಿ ಯೂರೋಪಿಗೆ ಹೋಗಿ ಶುಗರ್ ಆಯಿತು. ನಮ್ಮ ಭಾಗದ ಕಬ್ಬಿನಿಂದ ಬಿಳಿ ಸಕ್ಕರೆ ಹೇರಳವಾಗಿ ತಯಾರಾಗಲು ದಾರಿ ಮಾಡಿದ್ದು ಕೃಷ್ಣರಾಜಸಾಗರದ ನೀರು ಮತ್ತು 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ.

ಅಚ್ಚು ಹೊಯ್ಯುವ ಕ್ರಮ ನಿಮಗೆ ಗೊತ್ತಿದ್ದದ್ದೇ. ಅದರ ಹಿಂದಿನ ಕಾರಣಗಳನ್ನಷ್ಟೇ ಹೇಳುತ್ತೇನೆ. ಸಕ್ಕರೆ ನೀರು ಕುದಿಯುವಾಗ ಒಂದಿಷ್ಟು ಹಾಲು ಹಾಕುತ್ತೀರಿ. ಹಾಲು ಒಡೆದು ಕೊಳೆಯನ್ನು ಹಿಡಿದು ನೊರೆಯಾಗಿ ಮೇಲೆ ತರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿಯಾಗುತ್ತದೆ. ಮರದ ಅಚ್ಚನ್ನು ನೀರಿನಲ್ಲಿ ನೆನೆಸುವುದು ಸಕ್ಕರೆ ಮರಕ್ಕೆ ಅಂಟದಿರಲೆಂದು. ನಿಂಬೆರಸದ ಹನಿ ಒಂದು ಪಾಲು ಸಕ್ಕರೆಯನ್ನು ಒಡೆಯುವುದರಿಂದ ದೊಡ್ಡ ಹರಳು ಕಟ್ಟುವುದಿಲ್ಲ. ಆದರೆ ಹನಿ ಹೆಚ್ಚಾದರೆ ಅಚ್ಚು ಗಟ್ಟಿಯಾಗದು. ಕದಡುತ್ತಿದ್ದಂತೆ ಸಣ್ಣ ಹರಳುಗಳು ಒಮ್ಮೆಲೇ ಮೂಡಿ ಪಾಕ ಬೆಳ್ಳಗಾಗುತ್ತದೆ. ಹೊಯ್ಯಬೇಕಾದದ್ದು ಆ ಕ್ಷಣದಲ್ಲೇ. ತಡವಾದರೆ ಪಾತ್ರೆಯಲ್ಲೇ ಕಲ್ಲು. ಒಂದು ಸಲಕ್ಕೆ ಸ್ವಲ್ಪವೇ ಪಾಕ ಕಾಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ.

ಆ ಕ್ಷಣವನ್ನು ಯಾವ ಪುಸ್ತಕವೂ ಕಲಿಸದು. ಹಿರಿಯರ ಪಕ್ಕ ಒಲೆಯ ಮುಂದೆ ಕುಳಿತೇ ಕಲಿಯಬೇಕು. ಇಂದು ಅಂಗಡಿಯಲ್ಲಿ ಅಚ್ಚು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಕೊಳ್ಳುವುದು ತಪ್ಪಲ್ಲ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬಿಡುವೆಲ್ಲಿ? ಆದರೆ ಅಟ್ಟದಲ್ಲಿರುವ ಮರದ ಅಚ್ಚು ಇನ್ನೂ ಹತ್ತು ವರ್ಷ ಹಾಗೆಯೇ ಉಳಿದೀತು, ಹದ ಬಲ್ಲ ಕೈ ಉಳಿಯುವುದೇ?

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಚಿಕ್ಕವಳೆಂದು ಕ್ಷಮಿಸಿ. ಆ ಹದ ಬಲ್ಲವರಲ್ಲಿ ಎಷ್ಟೋ ಮಂದಿ ಗಂಡನನ್ನು ಕಳೆದುಕೊಂಡ ಅಜ್ಜಿಯರು, ಅತ್ತೆಯರು. ಬೆಳಗಿನಿಂದ ಹೊಗೆಯಲ್ಲಿ ಕುಳಿತು ಗಿಳಿ, ಆನೆ ಹೊಯ್ದು ಕೊಡುವವರು ಅವರು. ಸಂಜೆ ಎಳ್ಳು ಬೀರಲು ಹೊರಟಾಗ ಅವರು ಒಳಗೇ ಉಳಿಯುತ್ತಾರೆ. ಅರಿಸಿನ ಕುಂಕುಮದ ತಟ್ಟೆ ಅವರ ಮುಂದೆ ಬರುವುದಿಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವ ಹಬ್ಬದಲ್ಲಿ ಇದು ಒಳ್ಳೆಯ ಮಾತಾಗುವುದು ಹೇಗೆ?

ಈ ಸಂಕ್ರಾಂತಿಗೆ ಅಚ್ಚುಗಳನ್ನು ಕೆಳಗಿಳಿಸಿ. ಗಂಡುಮಕ್ಕಳನ್ನೂ ಒಲೆಯ ಬಳಿ ಕೂರಿಸಿಕೊಳ್ಳಿ. ಸಂಜೆಯ ಮೊದಲ ತಟ್ಟೆಯನ್ನು ಅಚ್ಚು ಹೊಯ್ದವರ ಕೈಯಿಂದಲೇ ಬೀರಿಸಿ. ಬೇಡವೆನ್ನುವವರಿಗೆ ಒಂದು ಗಿಳಿ ಕೊಟ್ಟು, ಇದನ್ನು ಮಾಡಿದವರು ಯಾರೆಂದು ಹೇಳಿ.