ಮಳೆಯ ವಾಸನೆ

ಮೊದಲ ಮಳೆ ಬಿದ್ದಾಗ ಬೆಂಗಳೂರಿನ ಅತ್ತಿಗುಪ್ಪೆಯ ಮೆಟ್ರೋ ಕಂಬಗಳ ನಡುವೆಯೂ ಮಣ್ಣಿನ ಘಮ ಏಳುತ್ತದೆ. ಅದಕ್ಕೆ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ.

2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳಿಗೆ ಒಂದು ಆಸೆ ಹುಟ್ಟಿತು. ಆ ಘಮದ ವಂಶವಾಹಿಯನ್ನು ಇ. ಕೋಲಿ ಎಂಬ ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ? ಪ್ರಯೋಗಾಲಯದಲ್ಲೇ ಮಳೆಯ ವಾಸನೆ! ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೊತೆಯಾದರು. ಐಜೆಮ್ ಎಂಬ ಸಿಂಥೆಟಿಕ್ ಬಯಾಲಜಿ ಸ್ಪರ್ಧೆಗೆ ಆ ಕೆಲಸ ಅಮೆರಿಕದವರೆಗೂ ಹೋಯಿತು. ಇವರು ಕಲಿಯುತ್ತಿದ್ದದ್ದು ಕಲೆ, ವಿನ್ಯಾಸ. ಆದರೂ ವಿಜ್ಞಾನಕ್ಕೆ ಕೈಹಾಕಿದ್ದು ನನಗೆ ತುಂಬ ಇಷ್ಟ.

ಘಮದಿಂದ ಏನು ಲಾಭ ಎನ್ನುವವರೂ ಇದ್ದಾರೆ. ಆದರೆ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಇದೇ ಸ್ಟ್ರೆಪ್ಟೊಮೈಸಿಸ್ ಕುಲದಿಂದ. ಅದನ್ನು ಬೇರ್ಪಡಿಸಿದ ಆಲ್ಬರ್ಟ್ ಶಾಟ್ಸ್ ಆಗಿನ್ನೂ ವಿದ್ಯಾರ್ಥಿ. 1952ರ ನೊಬೆಲ್ ಮಾತ್ರ ಅವರ ಗುರು ವಾಕ್ಸ್‌ಮನ್‌ಗೆ ಹೋಯಿತು.